ನೋಡೋಣ ಅಂದರು ಡಾಕ್ಟರು

ಶೋಳಿಂಗನಲ್ಲೂರ್
4 ಸೆಪ್ಟೆಂಬರ್ 2022

ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಕಾಗದ ಕಂಡು ಗಾಬರಿಯಾಗಬೇಡಿ, ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನೀವು ‘ಹ್ಞಾಂ, ಆಯ್ತು’ ಬಿಟ್ಟು ಮೂರನೆಯ ಮಾತು ಆಡುವುದಿಲ್ಲ. ಮೇಲಿಂದ ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿ ಮನೆಯ ಕೆಳಗಿನ ನಿಮ್ಮ ಇಡೀ ಹೋಟೆಲಿಗೆ ಕೇಳಿಸುತ್ತಾರೆ. ಅದಕ್ಕೆ ಬೆಳಗ್ಗೆ ಹೋಟೆಲಿನಿಂದ ಇಲ್ಲಿಯ ಕ್ಯಾಂಟೀನುಗಳಿಗೂ ನಮಗೂ ದೋಸೆ ಹಿಟ್ಟು ತರುವ ಮೋನಪ್ಪನ ವ್ಯಾನಿನಲ್ಲೇ ಇದನ್ನು ಕಳಿಸುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡಿ. ನಾನು ಓದಿದ್ದೆಲ್ಲ ತಮಿಳು ಮತ್ತು ಇಂಗ್ಲಿಷಿನಲ್ಲಿ, ಕನ್ನಡ ಬರೆಯುವುದನ್ನು ಅಮ್ಮ ಬೇಸಿಗೆ ರಜೆಗಳಲ್ಲಿ ಕಿವಿ ಹಿಂಡಿ ಕಲಿಸಿದ್ದು.

ವಿಷಯ ಇಷ್ಟೆ. ನಾವು ಇಲ್ಲಿಗೆ ಮನೆ ಮಾಡಿದ ಮೇಲೆ ನೀವು ಮನೆಗೆ ಕಾಫಿ ತರುವುದನ್ನೇ ನಿಲ್ಲಿಸಿದ್ದೀರಂತೆ. ಹೋಟೆಲಿನ ಮೊದಲ ಡಿಕಾಕ್ಷನ್ ಇಳಿದ ಕೂಡಲೇ ಟಂಬ್ಲರ್ ಹಿಡಿದು ಮಹಡಿ ಹತ್ತಿ ಬರುತ್ತಿದ್ದವರು ಈಗ ಹತ್ತುವುದಿಲ್ಲವಂತೆ. ಅತ್ತೆ ಬೇಜಾರಿನಲ್ಲಿ ಹೇಳಿದರು. ನಾವು ಡಾಕ್ಟರಮ್ಮನ ಹತ್ತಿರ ಹೋಗಿ ಬಂದ ದಿನ ಅವರೇ ಸಿಟ್ಟಿನಲ್ಲಿ “ನಿಮ್ಮ ಕಾಫಿ ಒಂದು ಆಯ್ತಲ್ಲ, ಮಗುವಿನ ತಲೆಗೇ ಬಂತು” ಎಂದು ಅಂದದ್ದೂ ನನಗೆ ಗೊತ್ತು. ನಾನು ಬಚ್ಚಲಿನಲ್ಲಿದ್ದೆ, ಕೇಳಿಸಿತು.

ಆದದ್ದನ್ನು ಸರಿಯಾಗಿ ಹೇಳುತ್ತೇನೆ ಕೇಳಿ. ನನಗೆ ಥೈರಾಯ್ಡ್ ಇರುವುದು ಕಾಲೇಜಿನ ದಿನದಿಂದ. ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಒಂದು ಗಂಟೆ ಏನೂ ಕುಡಿಯದೆ ಇರಬೇಕು. ಅಮ್ಮನ ಮನೆಯಲ್ಲಿ ಹಾಗೇ ಮಾಡುತ್ತಿದ್ದೆ. ನಿಮ್ಮ ಮನೆಗೆ ಬಂದ ಮೇಲೆ ಹಾಸಿಗೆಯಲ್ಲಿದ್ದಾಗಲೇ ಬಿಸಿ ಕಾಫಿ ಬರತೊಡಗಿತು. ನೀರಿಗೆ ಎದ್ದು ಹೋಗುವ ಸೋಮಾರಿತನಕ್ಕೆ ಮಾತ್ರೆಯನ್ನು ಕಾಫಿಯಲ್ಲೇ ನುಂಗಿದೆ. ಕಾಫಿ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ತಿಂಗಳು ಏರುಪೇರಾಗುವುದು ನನಗೆ ಮಾಮೂಲಿಯಾದ್ದರಿಂದ ಬಸುರಿ ಎಂದು ಗೊತ್ತಾಗುವಾಗಲೇ ಮೂರನೆಯ ತಿಂಗಳು. ರಕ್ತದ ವರದಿ ನೋಡಿ ಡಾಕ್ಟರಮ್ಮ ಹುಬ್ಬೇರಿಸಿದರು. ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಮಗು ಚೆನ್ನಾಗಿಯೇ ಇರುವ ಸಾಧ್ಯತೆ ಹೆಚ್ಚು ಎಂದೂ ಹೇಳಿದರು.

ನಾನು ಮಾತ್ರೆ ನುಂಗುವುದು ನಿಮಗೆ ಗೊತ್ತೇ ಇರಲಿಲ್ಲ. ಹಾಗಿರುವಾಗ ಇದರಲ್ಲಿ ನೀವು ಎಲ್ಲಿಂದ ಬಂದಿರಿ?

ನಿಮ್ಮ ಸೊಸೆ,
ಶ್ರೀವಿದ್ಯಾ


ಪುರಸೈವಾಕ್ಕಂ
9 ಸೆಪ್ಟೆಂಬರ್ 2022

ಶ್ರೀವಿದ್ಯಾಳಿಗೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬರೆಯುತ್ತಿರುವ ಮಾವನ ಆಶೀರ್ವಾದ.

ನಿನ್ನ ಕಾಗದ ಬಂತು. ಮೋನಪ್ಪ ಬುದ್ಧಿವಂತಿಕೆ ಮಾಡಿ ಅದನ್ನು ಖಾಲಿ ಹಿಟ್ಟಿನ ಡಬ್ಬದೊಳಗೆ ಇಟ್ಟು ತಂದ ಕಾರಣ ಹುಳಿ ವಾಸನೆ ಬರುತ್ತಿತ್ತು. ಅಕ್ಷರ ಚೆನ್ನಾಗಿದೆ. ನಿನ್ನ ಗಂಡ ಸುಕೇಶನದ್ದಕ್ಕಿಂತ ಎಷ್ಟೋ ವಾಸಿ, ಅವನು ಬರೆದದ್ದು ಅವನಿಗೇ ಓದಲಿಕ್ಕೆ ಬರುವುದಿಲ್ಲ.

ನೀನು ಒಳ್ಳೆಯ ಹುಡುಗಿ, ಹಾಗಾಗಿ ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಆದರೆ ನಾನು ವಿಚಾರಿಸದೆ ಇರುವ ಆಸಾಮಿ ಅಲ್ಲ. ನಮ್ಮಲ್ಲಿಗೆ ದಿನಾ ಪೊಂಗಲ್ ತಿನ್ನಲು ಒಬ್ಬರು ಮಕ್ಕಳ ಡಾಕ್ಟರು ಬರುತ್ತಾರೆ, ಮೂಲೆಯ ಟೇಬಲ್ಲಿನವರು. ನಾನೇ ಹೋಗಿ ಬಡಿಸಿ ಕೇಳಿದೆ. ಹೊಟ್ಟೆಯೊಳಗಿನ ಮಗುವಿಗೆ ಮೊದಮೊದಲು ತನ್ನದೇ ಥೈರಾಯ್ಡ್ ಇರುವುದಿಲ್ಲವಂತೆ, ತಾಯಿಯದ್ದನ್ನೇ ನಂಬಿ ಮಿದುಳು ಬೆಳೆಯುತ್ತದಂತೆ. “ಆ ಸಮಯದಲ್ಲಿ ಕಡಿಮೆಯಾದರೆ?” ಎಂದೆ. “ಹೆಚ್ಚಿನ ಮಕ್ಕಳು ಸರಿಯಾಗಿಯೇ ಬೆಳೆಯುತ್ತಾರೆ, ಕೆಲವರಲ್ಲಿ ಮಾತು ಕಲಿಕೆ ಸ್ವಲ್ಪ ಹಿಂದೆ ಬೀಳಬಹುದು, ಮೊದಲೇ ಹೇಳಲಿಕ್ಕೆ ಆಗುವುದಿಲ್ಲ. ನೋಡೋಣ” ಎಂದರು. ಹೇಳಿ ಇನ್ನೊಂದು ವಡೆ ತರಿಸಿಕೊಂಡರು.

ನೋಡೋಣ! ಎಷ್ಟು ಸಲೀಸಾಗಿ ಅಂದುಬಿಟ್ಟರು ನೋಡು. ನನಗೆ ಅಂದಿನಿಂದ ಅನ್ನ ಸೇರುವುದಿಲ್ಲ. ಈ ಊರಿಗೆ ಬಂದಾಗಿನಿಂದ ಸಾವಿರಾರು ಜನರಿಗೆ ಕಾಫಿ ಕೊಟ್ಟಿದ್ದೇನೆ, ಒಬ್ಬರೂ ಕೆಟ್ಟದಾಯಿತು ಎಂದಿಲ್ಲ. ಮನೆಯ ಮಗುವಿಗೆ ಮಾತ್ರ ಹೀಗಾಗಬೇಕೇ? ತಪ್ಪು ಯಾರದ್ದು ಎಂದು ನಾನು ವಾದ ಮಾಡುತ್ತಿಲ್ಲ. ನನಗೆ ಹೆದರಿಕೆಯಾಗಿದೆ, ಅಷ್ಟೆ.

ಅತ್ತೆಯ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಅವಳ ಬಾಯಿ ಒಂದು, ಮನಸ್ಸು ಇನ್ನೊಂದು. ನಿನಗೆ ಎಂದು ಉಪ್ಪಿನಕಾಯಿ ಕಳಿಸಿದ್ದಾಳೆ, ಸುಕೇಶನ ಕೈಗೆ ಸಿಗದ ಜಾಗದಲ್ಲಿ ಇಡು. ಮಾತ್ರೆ ನೀರಿನಲ್ಲಿ ನುಂಗು.

ನಿನ್ನ ಮಾವ,
ಕಿಟ್ಟಣ್ಣ (ಇಡೀ ಬೀದಿ ಹಾಗೇ ಕರೆಯುವಾಗ ಬೇರೆ ಹೆಸರು ಹಾಕಲು ನಾಚಿಕೆ)


ಅಣ್ಣಾ ನಗರ್
2 ಏಪ್ರಿಲ್ 2023

ಮಾವನವರಿಗೆ ನಮಸ್ಕಾರ.

ಬಾಣಂತಿ ಬರೆಯಬಾರದು, ಕಣ್ಣಿಗೆ ಆಗದು ಎಂದು ಅಮ್ಮ ಪೆನ್ನನ್ನು ಎರಡು ಸಲ ಕಸಿದುಕೊಂಡರು. ಈಗ ಅವರು ಪಾರ್ಕಿಗೆ ಹೋಗಿದ್ದಾರೆ, ಅಪ್ಪ ಪತ್ರಿಕೆ ಓದುತ್ತಾ ಕಾವಲು ಕೂತಿದ್ದಾರೆ. ಎಲ್‌ಐಸಿಯಿಂದ ನಿವೃತ್ತರಾದ ಮೇಲೆ ಅವರಿಗೆ ಇದೇ ಮೊದಲ ಡ್ಯೂಟಿ.

ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ವರದಿ ಸರಿಯಾಗಿದೆ, ಅದಕ್ಕೆ ಥೈರಾಯ್ಡ್ ತೊಂದರೆ ಇಲ್ಲ ಎಂದು ಸುಕೇಶ್ ನಿಮಗೆ ಹೇಳಿದ್ದಾರಲ್ಲ. ಕಿವಿಯೂ ಚೆನ್ನಾಗಿ ಕೇಳಿಸುತ್ತದೆ. ಮೊದಲ ತಿಂಗಳುಗಳಲ್ಲಿ ಆಗಿರಬಹುದಾದದ್ದರ ಬಗ್ಗೆ ಮಾತ್ರ ಯಾವ ರಕ್ತಪರೀಕ್ಷೆಯೂ ಹೇಳುವುದಿಲ್ಲವಂತೆ. ಅದಕ್ಕೆ ಮಗು ಬೆಳೆಯುವುದನ್ನೇ ನೋಡಬೇಕು. ಇಲ್ಲಿಯ ಡಾಕ್ಟರೂ ಅದೇ ‘ನೋಡೋಣ’ ಅಂದರು. ಆ ಮಾತು ಅವರಿಗೆ ಕಾಲೇಜಿನಲ್ಲೇ ಹೇಳಿಕೊಡುತ್ತಾರೆ ಅಂತ ಕಾಣುತ್ತದೆ.

ಒಂದು ಕೇಳಬೇಕಿತ್ತು. ನಾಮಕರಣದ ದಿನ ಎಲ್ಲರೂ ತೊಟ್ಟಿಲ ಹತ್ತಿರ ಬಂದು ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಅತ್ತೆ ಹೇಳಿದರು, ನನ್ನ ಅಪ್ಪ ಹೇಳಿದರು, ಸುಕೇಶರ ಗೆಳೆಯ ಮೋಹನ್ ಕೂಡ ಹೇಳಿದ. ನಿಮ್ಮನ್ನು ಕರೆದಾಗ “ಕೈ ಎಣ್ಣೆ ಆಗಿದೆ, ಪಾಯಸ ತಳ ಹಿಡಿಯುತ್ತದೆ” ಎಂದು ಅಡುಗೆಯವರ ಕಡೆ ಹೋದಿರಿ. ಪಾಯಸ ಆಗಲೇ ಇಳಿಸಿ ಆಗಿತ್ತು, ಮಾವ. ಊಟ ಮುಗಿದ ಮೇಲೂ ನೀವು ಅವಳನ್ನು ಎತ್ತಿಕೊಳ್ಳಲಿಲ್ಲ. ದೂರದಿಂದ, ಬಾಗಿಲಿಗೆ ಒರಗಿ ನೋಡುತ್ತಿದ್ದಿರಿ.

ಪ್ರಣಮ್ಯಾ ಎಂಬ ಹೆಸರು ಹಿಡಿಸಲಿಲ್ಲವೇ? ಅಥವಾ ಬೇರೆ ಏನಾದರೂ ಇದೆಯೇ?

ನಿಮ್ಮ ಸೊಸೆ,
ಶ್ರೀವಿದ್ಯಾ


ಪುರಸೈವಾಕ್ಕಂ
11 ಏಪ್ರಿಲ್ 2023

ಶ್ರೀವಿದ್ಯಾಳಿಗೆ, ನಿನ್ನಿಂದ ಸಿಕ್ಕಿಬಿದ್ದ ಮಾವನ ಆಶೀರ್ವಾದ.

ಹೆಸರು ನನ್ನ ಬಾಯಿಗೆ ತಿರುಗುವುದಿಲ್ಲ ಎನ್ನುವುದು ನಿಜ. ಪ್ರ, ಣ, ಮ್ಯ, ಮೂರು ಅಕ್ಷರಕ್ಕೆ ಮೂರು ಸಲ ನಾಲಿಗೆ ಮಡಚಬೇಕು. ನಾನು ಪಮ್ಮಿ ಅಂತಲೇ ಕರೆಯುವವ. ಆದರೆ ಕಾರಣ ಅದಲ್ಲ.

ನಿನ್ನ ಹತ್ತಿರ ಸುಳ್ಳು ಬರೆಯಲು ಆಗುವುದಿಲ್ಲ. ನೀವು ಕರೆಯುವ ಮೊದಲೇ ಒಮ್ಮೆ ತೊಟ್ಟಿಲ ಹತ್ತಿರ ಬಂದೆ. ಬಗ್ಗಿದೆ. ಅದು ಕಣ್ಣು ತೆರೆದುಕೊಂಡು ನನ್ನನ್ನೇ ನೋಡಿತು. ಎಲ್ಲ ಮಕ್ಕಳೂ ಹಾಗೇ ನೋಡುತ್ತವೆ, ಗೊತ್ತುಂಟು. ಸುಕೇಶನೂ ನೋಡಿದ್ದ. ಆದರೆ ನನಗೆ ಆಗ ಅನಿಸಿದ್ದು ಒಂದೇ, ಈ ತಲೆಯೊಳಗೆ ಎಷ್ಟು ಸರಿಯಿದೆಯೋ ಎಷ್ಟು ನಾನು ಕೆಡಿಸಿದೆನೋ ಎಂದು. ಹಾಗೆ ಯೋಚಿಸಿಕೊಂಡು ಮಗುವಿನ ಕಿವಿಯಲ್ಲಿ ಹೆಸರು ಹೇಳಬಹುದೇ? ಅದಕ್ಕೆ ಕರೆದಾಗ ಪಾಯಸದ ಕಡೆ ಓಡಿದೆ.

ದಿನವಿಡೀ ಗಿರಾಕಿಗಳ ಹತ್ತಿರ ವಟವಟ ಎನ್ನುವವ ನಾನು. ಕ್ಯಾಶಿಗೆ ಕೂರುವ ಹರಿಹರ ಹೇಳುತ್ತಾನೆ, “ಅಣ್ಣ, ನೀವು ಬಿಲ್ಲು ಕೊಡುವ ಹೊತ್ತಿಗೆ ಅವರಿಗೆ ಪುನಃ ಹಸಿವಾಗ್ತದೆ” ಎಂದು. ಅಂಥವನ ಮಾತು ಆ ಮಗುವಿನ ಎದುರು ನಿಂತುಹೋಯಿತು.

ನಿನಗೆ ಬೇಜಾರಾಗಿದ್ದರೆ ಕ್ಷಮಿಸು. ನೀವು ಶೋಳಿಂಗನಲ್ಲೂರಿಗೆ ಹೋದ ಮೇಲೆ ಮೋನಪ್ಪನ ಕೈಯಲ್ಲಿ ಮಗುವಿನ ಸಮಾಚಾರ ಹೇಳಿ ಕಳಿಸುತ್ತಾ ಇರು. ದೂರದಿಂದ ಕೇಳಿಕೊಂಡಿರುತ್ತೇನೆ. ಕಷಾಯದ ಪುಡಿ ಕಳಿಸಿದ್ದೇನೆ, ಖಾರವಾದರೂ ಕುಡಿ.

ಮಾವ,
ಕಿಟ್ಟಣ್ಣ


ಶೋಳಿಂಗನಲ್ಲೂರ್
17 ಅಕ್ಟೋಬರ್ 2023

ಮಾವನವರಿಗೆ,

ಇವತ್ತು ನಮಸ್ಕಾರ ಆಮೇಲೆ. ಮೊದಲು ಜಗಳ.

ಮೋನಪ್ಪ ದಿನಾ ಬೆಳಗ್ಗೆ ಬೆಲ್ ಮಾಡುತ್ತಾನೆ. ಬಾಗಿಲು ತೆರೆದರೆ ಹಿಟ್ಟಿನ ಮಾತಿಲ್ಲ. “ಅಕ್ಕ, ಮಗು ಕೂತ್ಕೊಳ್ತದಾ? ಧಣಿಗಳು ಕೇಳ್ಲಿಕ್ಕೆ ಹೇಳಿದ್ದಾರೆ.” ಮರುದಿನ, “ಅಕ್ಕ, ಅಂಬೆಗಾಲು ಇಟ್ಟಿತಾ? ಹರಿಹರಣ್ಣನ ಮೊಮ್ಮಗ ಇಟ್ಟನಂತೆ.” ಮೊನ್ನೆ, “ಹೆಸರು ಕರೆದ್ರೆ ತಿರುಗಿ ನೋಡ್ತದಾ?” ಪಾಪ, ಅವನ ತಪ್ಪಲ್ಲ. ನನ್ನ ಅಮ್ಮ ವಾರಕ್ಕೊಮ್ಮೆ ಬಂದು ಅವಳ ಮುಂದೆ ಗಿಲಕಿ ಅಲ್ಲಾಡಿಸಿ ಕಣ್ಣು ಎಷ್ಟು ಬೇಗ ತಿರುಗುತ್ತದೆ ನೋಡುತ್ತಾರೆ. ಅತ್ತೆ ವಿಡಿಯೋ ಕಾಲಿನಲ್ಲಿ ತುಳುವಿನಲ್ಲಿ ಚಪ್ಪಾಳೆ ತಟ್ಟು ಎಂದು ಆಜ್ಞೆ ಮಾಡುತ್ತಾರೆ. ಮಾವ, ನನ್ನ ಮಗಳು ಪರೀಕ್ಷೆಗೆ ಕೂತಿಲ್ಲ. ಅವಳಿಗೆ ಇನ್ನೂ ಹಲ್ಲು ಬಂದಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಪರೀಕ್ಷೆ ಮಾಡುವವಳು ನಾನೇ. ಅವಳು ಆಡುತ್ತಿರುವಾಗ ಹಿಂದಿನಿಂದ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತೇನೆ. ನಕ್ಕರೆ, ಈ ನಗು ಬರಬೇಕಾದ ತಿಂಗಳಿಗೆ ಬಂತೇ ಎಂದು ಲೆಕ್ಕ ಹಾಕುತ್ತೇನೆ. ನಿನ್ನೆ ಅವಳು ತನ್ನ ಕಾಲನ್ನೇ ಬಾಯಿಗೆ ಇಟ್ಟುಕೊಂಡು ಎಷ್ಟು ಚೆಂದ ಉರುಳಾಡುತ್ತಿದ್ದಳು! ಆಫೀಸಿನ ನಿಖಿತಾ ನೋಡಲು ಬಂದಿದ್ದವಳು ನಕ್ಕು ನಕ್ಕು ಸುಸ್ತಾದಳು. ನಾನು ಮಾತ್ರ ಮೊಬೈಲಿನಲ್ಲಿ ‘ಎಂಟನೆಯ ತಿಂಗಳಿನ ಮಗು’ ಎಂದು ಹುಡುಕುತ್ತಿದ್ದೆ. ಆಮೇಲೆ ಅಳು ಬಂತು. ಅವಳ ಜೊತೆ ನಾನು ಒಂದು ದಿನವೂ ಸುಮ್ಮನೆ ಸಂತೋಷವಾಗಿ ಇದ್ದಿಲ್ಲ.

ದಯವಿಟ್ಟು ಮೋನಪ್ಪನಿಗೆ ಹೇಳಿ. ಹಿಟ್ಟು ಕೊಟ್ಟು ಹೋಗಲಿ.

ಶ್ರೀವಿದ್ಯಾ


ಪುರಸೈವಾಕ್ಕಂ
29 ಡಿಸೆಂಬರ್ 2023

ಶ್ರೀವಿದ್ಯಾಳಿಗೆ ಆಶೀರ್ವಾದ.

ಇಷ್ಟು ದಿನ ಬರೆಯದೆ ಇದ್ದದ್ದು ಕೋಪದಿಂದ. ಕೋಪ ನಿನ್ನ ಮೇಲಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ. ನಿನ್ನ ಮೇಲೂ ಸ್ವಲ್ಪ ಇತ್ತು. ಈಗ ಇಳಿದಿದೆ. ಬೆಳಗ್ಗೆ ಕಾಗದವನ್ನು ಪುನಃ ಓದಿದೆ, ಕೊನೆಯ ಭಾಗವನ್ನು. ನೀನು ಒಬ್ಬಳೇ ಕೂತು ಅತ್ತದ್ದನ್ನು ಓದಿ ನನಗೂ ಕಣ್ಣು ತುಂಬಿತು. ಹರಿಹರ ಈರುಳ್ಳಿಯ ಘಾಟು ಎಂದುಕೊಂಡ. ಅವನಿಗೆ ಹಾಗೇ ಇರಲಿ.

ಮೋನಪ್ಪನ ಬಾಯಿಗೆ ಬೀಗ ಹಾಕಿಸಿದ್ದೇನೆ. ಈಗ ಅವನು ವ್ಯಾನ್ ಇಳಿದು ಬಂದರೆ ನಾನು ಅವನ ಮುಖ ನೋಡುತ್ತೇನೆ. ನಗು ಇದ್ದರೆ ಮಗು ಏನೋ ಹೊಸದು ಮಾಡಿದೆ ಎಂದು ಲೆಕ್ಕ. ಮೊನ್ನೆ ಭಾರಿ ನಗುತ್ತಿದ್ದ. ನನಗೆ ತಡೆಯಲಾಗದೆ “ಎಂತದಾ?” ಎಂದೆ. “ನಂಗೆ ಮದ್ವೆ ನಿಶ್ಚಯ ಆಯ್ತು ಅಣ್ಣ” ಎಂದ. ಅಭಿನಂದನೆ ಹೇಳಿದೆ, ಆದರೆ ಮನಸ್ಸಿಟ್ಟು ಹೇಳಿದೆ ಎಂದು ಪ್ರಮಾಣ ಮಾಡಲಾರೆ.

ಇನ್ನು ಮುಂದೆ ನನ್ನ ಕಾಗದಗಳಲ್ಲಿ ಪ್ರಶ್ನೆ ಇರುವುದಿಲ್ಲ. ಹೋಟೆಲ್ ಸುದ್ದಿ ಮಾತ್ರ. ವಡೆ ಬೋಂಡ ಕರಿಯುವ ಸರಕು ಮಾಸ್ಟರ್ ಬಿಟ್ಟುಹೋದ, ಅವನ ಜಾಗಕ್ಕೆ ಪ್ರವೀಣ್ ಎಂಬ ಹುಡುಗ ಬಂದಿದ್ದಾನೆ, ಕಾರ್ಕಳದ ಕಡೆಯವ. ಅವನ ವಡೆಯ ತೂತಿನಲ್ಲಿ ನನ್ನ ಮುಷ್ಟಿ ಹೋಗುತ್ತದೆ. ಗಿರಾಕಿಗಳು ತೂತಿಗೂ ಸೇರಿಸಿ ದುಡ್ಡು ಕೊಡಬೇಕೇ ಎಂದು ಕೇಳುತ್ತಿದ್ದಾರೆ. ಮಳೆಗೆ ಬೀದಿಯಲ್ಲಿ ನೀರು ನಿಂತಾಗ ಜವಳಿ ಅಂಗಡಿಯವರೆಲ್ಲ ನಮ್ಮಲ್ಲೇ ಕೂತು ಉಪ್ಪಿಟ್ಟು ತಿಂದರು.

ಮಗು ಕಾಲು ಬಾಯಿಗೆ ಇಟ್ಟುಕೊಂಡು ಉರುಳಿತು ಎಂದು ಬರೆದದ್ದು ಓದಿ ಬಹಳ ಸಂತೋಷವಾಯಿತು. ಇದು ಪ್ರಶ್ನೆ ಅಲ್ಲ.

ಮಾವ,
ಕಿಟ್ಟಣ್ಣ


ಶೋಳಿಂಗನಲ್ಲೂರ್
20 ಜನವರಿ 2025

ಮಾವನವರಿಗೆ ನಮಸ್ಕಾರ.

ವರ್ಷವಿಡೀ ವಡೆಯ ತೂತು, ಗ್ರೈಂಡರ್ ರಿಪೇರಿ, ಮೋನಪ್ಪನ ಮದುವೆ ಎಂದು ಬರೆದು ನನ್ನನ್ನು ನಗಿಸಿದಿರಿ. ಮಾತಿಗೆ ತಪ್ಪದೆ ಒಂದೂ ಪ್ರಶ್ನೆ ಕೇಳಲಿಲ್ಲ. ಹಬ್ಬಕ್ಕೆ ನಾವು ಬಂದಾಗ ಮಾತ್ರ ನೀವು ಹೋಟೆಲಿನಿಂದ ಮೇಲೆ ಬರಲು ಏನಾದರೊಂದು ನೆವ ತೆಗೆದು ತಡ ಮಾಡುತ್ತೀರಿ. ಅದನ್ನು ನಾನೂ ಕೇಳಲಿಲ್ಲ. ಇವತ್ತು ನಾನೇ ಹೇಳಬೇಕಾಗಿದೆ.

ಪ್ರಣಮ್ಯಾಗೆ ಬರುವ ತಿಂಗಳು ಎರಡು ತುಂಬುತ್ತದೆ. ಓಡುತ್ತಾಳೆ, ಸೋಫಾ ಹತ್ತುತ್ತಾಳೆ, ಹೇಳಿದ್ದು ಅರ್ಥವಾಗುತ್ತದೆ. ಆದರೆ ಮಾತು ಬಂದಿಲ್ಲ. ಅಮ್ಮ, ಬೇಡ, ಅವಳನ್ನು ನೋಡಿಕೊಳ್ಳುವ ಆಯಾಮ್ಮನ ಹತ್ತಿರ ‘ಬಾ’ ಎನ್ನಲು ತಮಿಳಿನ ‘ವಾ’, ಅಷ್ಟೆ. ಬೇಕಾದದ್ದನ್ನು ಕೈ ಹಿಡಿದು ಎಳೆದು ತೋರಿಸುತ್ತಾಳೆ. ಅತ್ತೆಯ ತುಳು, ನನ್ನ ಕನ್ನಡ, ಆಯಾಮ್ಮನ ತಮಿಳು, ಟಿವಿಯ ಇಂಗ್ಲಿಷು, ಇಷ್ಟರಲ್ಲಿ ಮಗು ಯಾವುದನ್ನು ಆಡಬೇಕು ಎಂದು ಸುಕೇಶ್ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನೀವು ಆ ಪೊಂಗಲ್ ಡಾಕ್ಟರ ಹತ್ತಿರ ಕೇಳಿದ ಮಾತು, ಮಾತು ಕಲಿಕೆ ಹಿಂದೆ ಬೀಳಬಹುದು ಎಂದದ್ದು, ನನ್ನ ತಲೆಯಿಂದ ಹೋಗಿಲ್ಲ.

ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ, ಅಣ್ಣಾ ನಗರ್‌ನಲ್ಲಿ. ಫೆಬ್ರವರಿ ಎಂಟಕ್ಕೆ ಬರಲು ಹೇಳಿದ್ದಾರೆ. ನೀವು ಬರಬೇಕು. ಸುಕೇಶ್ ಬಂದರೆ ನನ್ನನ್ನು ಸಮಾಧಾನ ಮಾಡುತ್ತಾರೆ, ಅಮ್ಮ ಬಂದರೆ ದೇವರಿಗೆ ಹರಕೆ ಹೇಳುತ್ತಾರೆ. ನನಗೆ ಅದು ಯಾವುದೂ ಬೇಡ. ನನ್ನಷ್ಟೇ ಹೆದರಿದವರು ಒಬ್ಬರು ಪಕ್ಕದಲ್ಲಿ ಬೇಕು.

ಶ್ರೀವಿದ್ಯಾ


ಪುರಸೈವಾಕ್ಕಂ
22 ಜನವರಿ 2025

ಶ್ರೀವಿದ್ಯಾಳಿಗೆ,

ಬರುತ್ತೇನೆ.

ನಿನ್ನ ಅತ್ತೆ ಚಂದ್ರಮತಿ ಈಗಲೇ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ಇಟ್ಟಿದ್ದಾಳೆ. “ಡಾಕ್ಟರ ಎದುರು ಹೆಚ್ಚು ಮಾತಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ” ಎಂದು ತಾಕೀತು ಮಾಡಿದಳು. ಆಮೇಲೆ ಒಳಗೆ ಹೋಗಿ ಮೂಗು ಒರೆಸಿಕೊಂಡಳು. ಅಂದು ಕಾಫಿಯ ವಿಷಯದಲ್ಲಿ ತಾನು ಹಾಗೆ ಅನ್ನಬಾರದಿತ್ತು ಎಂದು ಅವಳಿಗೂ ಇದೆ. ಬಾಯಿ ಬಿಟ್ಟು ಹೇಳುವುದಿಲ್ಲ, ಇಸ್ತ್ರಿ ಹಾಕುತ್ತಾಳೆ.

ಮಾವ


ಶೋಳಿಂಗನಲ್ಲೂರ್
10 ಫೆಬ್ರವರಿ 2025

ಮಾವನವರಿಗೆ ನಮಸ್ಕಾರ.

ಶನಿವಾರ ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದಿರಿ. ಒಳಗೆ ನಡೆದದ್ದನ್ನು ಆಟೋದಲ್ಲಿ ಅರ್ಧಂಬರ್ಧ ಹೇಳಿದೆ, ಈಗ ಪೂರ್ತಿ ಹೇಳುತ್ತೇನೆ.

ಡಾಕ್ಟರಮ್ಮ ಅವಳನ್ನು ನೆಲದ ಮೇಲೆ ಕೂರಿಸಿ ತಾವೂ ಕೂತರು. ಮರದ ತುಂಡುಗಳನ್ನು ಕೊಟ್ಟರು, ಇವಳು ಒಂದರ ಮೇಲೊಂದು ಇಟ್ಟಳು. ಬೊಂಬೆಗೆ ಊಟ ಮಾಡಿಸು ಎಂದರು, ಮಾಡಿಸಿ ಬೊಂಬೆಯ ಬಾಯಿಯನ್ನೂ ಒರೆಸಿದಳು. ಒಂದು ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿತ್ತು, ತೆರೆಯಲು ಆಗದೆ ಡಾಕ್ಟರಮ್ಮನ ಕೈಗೇ ಕೊಟ್ಟಳು. ಅವರು ನಕ್ಕು “ಸ್ಮಾರ್ಟ್ ಪೊಣ್ಣು, ಜಾಣ ಹುಡುಗಿ” ಎಂದರು. ನಾನು ಬಸುರಿಯಾಗಿದ್ದಾಗಿನ ವರದಿಗಳನ್ನೆಲ್ಲ ಓದಿದರು. ಮಾತು ಒಂದು ಹಿಂದೆ ಇದೆ, ಉಳಿದದ್ದೆಲ್ಲ ವಯಸ್ಸಿಗೆ ಸರಿಯಾಗಿದೆ ಎಂದರು.

“ಇದು ಆ ಥೈರಾಯ್ಡಿನಿಂದಲೇ?” ಎಂದು ಕೇಳಿಬಿಟ್ಟೆ. ಅವರು ಮುಚ್ಚುಮರೆ ಮಾಡಲಿಲ್ಲ. ಇರಬಹುದು, ಇಲ್ಲದೆಯೂ ಇರಬಹುದು, ಯಾವ ತೊಂದರೆಯೂ ಆಗದ ತಾಯಂದಿರ ಮಕ್ಕಳೂ ತಡವಾಗಿ ಮಾತಾಡುತ್ತಾರೆ, ಈ ಒಂದು ಮಗುವಿನಲ್ಲಿ ಯಾವುದು ಕಾರಣ ಎಂದು ನಾನಲ್ಲ, ಯಾರೂ ಹೇಳಲಾರರು ಎಂದರು. ಎಂದೂ ಗೊತ್ತಾಗುವುದಿಲ್ಲವಂತೆ, ಮಾವ. ಇಷ್ಟು ವರ್ಷ ಉತ್ತರ ಬಂದೇ ಬರುತ್ತದೆ ಎಂದು ಕಾದಿದ್ದೆ. ಬರುವುದಿಲ್ಲ ಎಂದ ಕೂಡಲೇ ಯಾಕೋ ಎದೆ ಹಗುರಾಯಿತು.

ನಾಲ್ಕು ಭಾಷೆಗಳದ್ದೂ ತಪ್ಪಿಲ್ಲವಂತೆ, ಒಂದನ್ನೂ ಬಿಡಬೇಡಿ ಎಂದರು. ಆಮೇಲೆ ನನ್ನನ್ನು ಅವಳ ಜೊತೆ ಆಡಲು ಬಿಟ್ಟು ನೋಡಿದರು. ನಾನು ಆಡಿದೆ. ಇದೇನು? ಯಾವ ಬಣ್ಣ? ಮೂಗು ಎಲ್ಲಿದೆ? ಕಾಗೆ ಏನು ಹೇಳುತ್ತದೆ? ಅವರು ಸ್ವಲ್ಪ ಹೊತ್ತು ಕೇಳಿ “ನೀವು ಮಗುವನ್ನು ಬರೀ ಕೇಳುತ್ತಾ ಇದ್ದೀರಿ. ಇವಳ ಹತ್ತಿರ ಯಾರು ಮಾತಾಡುತ್ತಾರೆ?” ಎಂದರು. ಇನ್ನು ಪ್ರಶ್ನೆ ಬೇಡ, ಟಿವಿ ಬೇಡ, ಬಿಡುವಾಗಿ ಕೂತು ಮಾತಾಡುವವರು ಒಬ್ಬರು ಬೇಕು, ಏನಾದರೂ ಸರಿ, ದಿನಾ. ವಾರಕ್ಕೊಮ್ಮೆ ಮಾತು ಕಲಿಸುವವರ ಹತ್ತಿರವೂ ಹೋಗಬೇಕು. ಆರು ತಿಂಗಳಿಗೆ ಮತ್ತೆ ನೋಡೋಣ ಎಂದರು.

ಬಾಗಿಲು ತೆರೆದು ಅವಳನ್ನು ನಿಮ್ಮ ಹತ್ತಿರ ಬಿಟ್ಟು ಫೀಸು ಕಟ್ಟಲು ಹೋದೆ. ತಿರುಗಿ ಬಂದಾಗ ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಬಿಳಿ ಶರ್ಟಿನ ನೀವು. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದಿರಿ. ನನಗೆ ಇಷ್ಟಿಷ್ಟು ಉದ್ದ ಕಾಗದ ಬರೆಯುವವರು, ಇಡೀ ಪುರಸೈವಾಕ್ಕಂಗೆ ಮಾತು ಹಂಚುವವರು, ಎರಡು ವರ್ಷದಲ್ಲಿ ನನ್ನ ಮಗಳ ಹತ್ತಿರ ಒಂದು ಮಾತೂ ಆಡಿಲ್ಲ!

ಮೋನಪ್ಪ ಮಧ್ಯಾಹ್ನ ಊಟದ ಟ್ರಿಪ್ಪಿಗೆ ಮತ್ತೆ ಇಲ್ಲಿಗೆ ಬರುತ್ತಾನಲ್ಲ. ವ್ಯಾನಿನಲ್ಲಿ ಮುಂದಿನ ಸೀಟು ಖಾಲಿ ಇರುತ್ತದೆ. ಸಂಜೆ ಸುಕೇಶ್ ನಿಮ್ಮನ್ನು ಬಸ್ಸು ಹತ್ತಿಸುತ್ತಾರೆ. ಅವಳು ಏನು ಕಲಿತಳು ಎಂದು ನಾನು ಕೇಳುವುದಿಲ್ಲ. ನೀವು ಬಂದು ಮಾತಾಡಿ, ಅಷ್ಟು ಸಾಕು.

ಶ್ರೀವಿದ್ಯಾ


ಶೋಳಿಂಗನಲ್ಲೂರ್, ನಿನ್ನದೇ ಮನೆಯಿಂದ
14 ಮೇ 2025

ಶ್ರೀವಿದ್ಯಾಳಿಗೆ, ನಿನ್ನ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತ ಮಾವನ ಆಶೀರ್ವಾದ.

ನೀನು ಆಫೀಸಿನಲ್ಲಿದ್ದಿ. ಫೋನ್ ಮಾಡಬಹುದಿತ್ತು, ಆದರೆ ನಡುವೆ ಅಳು ಬಂದರೆ ಆಯಾಮ್ಮನ ಎದುರು ಮರ್ಯಾದೆ ಹೋಗುತ್ತದೆ. ಅದಕ್ಕೆ ಬರೆದು ಇಟ್ಟು ಹೋಗುತ್ತೇನೆ. ಬಂದ ಕೂಡಲೇ ಓದು, ಬಟ್ಟೆ ಬದಲಿಸಲಿಕ್ಕೆ ಹೋಗಬೇಡ.

ಮೊದಲ ದಿನ ಬಂದಾಗ ಪಮ್ಮಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಎಂತ ಹೇಳುವುದು? ಕಥೆ ನನಗೆ ಬರುವುದಿಲ್ಲ, ಹಾಡು ಮೊದಲೇ ಇಲ್ಲ. ಬರುವುದು ಹೋಟೆಲ್ ಒಂದು. ಸರಿ ಎಂದು ದೋಸೆ ಹಿಟ್ಟಿನ ವಿಚಾರ ತೆಗೆದೆ. ಅಕ್ಕಿ ಒಂದು ಪಾತ್ರೆಯಲ್ಲಿ ಸ್ನಾನ ಮಾಡಿ ಮಲಗಿತು. ಉದ್ದು ಇನ್ನೊಂದರಲ್ಲಿ ಮಲಗಿತು. ಉದ್ದಿಗೆ ಒಂಟಿಯಾಗಿ ಮಲಗಲು ಹೆದರಿಕೆ, ಅದಕ್ಕೆ ಜೊತೆಯಲ್ಲಿ ಮೆಂತೆ ಹಾಕಿದ್ದು. ಬೆಳಗಾಗುವಾಗ ಎಲ್ಲ ಉಬ್ಬಿ ದೊಡ್ಡವರಾದರು. ಗ್ರೈಂಡರಿನಲ್ಲಿ ಗಿರಗಿರ ತಿರುಗಿದರು. ಹೀಗೇ. ದಿನಾ ಅದೇ. ಸುಕೇಶ ಒಂದು ದಿನ ಕೇಳಿ, “ಎಂತ ಅಪ್ಪ, ಮಗುವಿಗೆ ಕೆಲಸ ಕೊಡ್ಲಿಕ್ಕೆ ಉಂಟಾ?” ಎಂದ. ಅವನಿಗೆ ಉತ್ತರ ಕೊಡಲಿಲ್ಲ. ಅವಳು ಕೂತು ಕೇಳುತ್ತಿದ್ದಳು, ನನಗೆ ಅಷ್ಟು ಸಾಕಿತ್ತು. ಒಂದೆರಡು ವಾರ ಕಳೆಯುವಾಗ ಕಥೆ ಶುರುವಾದರೆ ನನ್ನ ತೊಡೆ ಹತ್ತುತ್ತಿದ್ದಳು. ಮೊದಲ ಸಲ ಹತ್ತಿದಾಗ ನಾನು ಅವಳನ್ನು ಮುಟ್ಟದೆ ಕೂತಿದ್ದೆ. ಆಮೇಲೆ ಹಿಡಿದುಕೊಂಡೆ.

ಇವತ್ತು ಸೆಕೆ ಎಂದರೆ ಸೆಕೆ. ಅಕ್ಕಿಯನ್ನು ಮಲಗಿಸಿದೆ, ಉದ್ದನ್ನು ಮಲಗಿಸಿದೆ, ಹಾಗೇ ನಾನೂ ಮಲಗಿದೆ. ಸೋಫಾದಲ್ಲಿ ಕೂತಲ್ಲೇ. ಎಷ್ಟು ಹೊತ್ತೋ ಗೊತ್ತಿಲ್ಲ. ಯಾರೋ ನನ್ನ ಕಣ್ಣಿನ ರೆಪ್ಪೆ ಹಿಡಿದು ಮೇಲೆ ಎತ್ತುತ್ತಿದ್ದಾರೆ. ನೋಡಿದರೆ ಅವಳ ಮುಖ ನನ್ನ ಮೂಗಿಗೆ ತಾಗುವಷ್ಟು ಹತ್ತಿರ.

“ಅಜ್ಜ. ಮೆಂತೆ.”

ನಾನು ಕನಸೆಂದುಕೊಂಡೆ. “ಎಂತ ಮಗಾ?” ಎಂದೆ.

“ಮೆಂತೆ ಹಾಕು!” ಗದರಿಸಿದಳು, ಶ್ರೀವಿದ್ಯಾ. ನನ್ನ ಸರಕು ಮಾಸ್ಟರಿಗೆ ನಾನು ಗದರಿಸುತ್ತೇನಲ್ಲ, ಹಾಗೆ. ಆಯಾಮ್ಮ ಅಡುಗೆಮನೆಯಿಂದ ಓಡಿ ಬಂದಳು. ನನಗೆ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ ಇನ್ನೆರಡು ಸಲ ಹೇಳಿಸಿದೆ. ಮೂರನೆಯ ಸಲಕ್ಕೆ ಅವಳಿಗೆ ಸಿಟ್ಟು ಬಂದು ನನ್ನ ಕೈಗೆ ಹೊಡೆದಳು. ಮೆಂತೆ ಹಾಕಿದೆ. ಆಮೇಲೆ ಕಥೆ ಮುಗಿಸಿದೆ, ಆದರೆ ಹೇಗೆ ಮುಗಿಸಿದೆನೋ ನೆನಪಿಲ್ಲ.

ಇದು ನನ್ನ ಮಾತಿನಿಂದ ಬಂತೋ, ಆ ಮಾತು ಕಲಿಸುವ ಮೇಡಮ್ಮನಿಂದ ಬಂತೋ, ಬರುವ ಹೊತ್ತಿಗೆ ಅದಾಗಿಯೇ ಬಂತೋ, ಆ ಡಾಕ್ಟರಮ್ಮನಿಗೂ ಹೇಳಲಿಕ್ಕೆ ಆಗಲಿಕ್ಕಿಲ್ಲ. ನಾಳೆ ಇನ್ನೊಂದು ಮಾತಿಗೆ ಇನ್ನಷ್ಟು ದಿನ ಕಾಯಬೇಕೋ ಏನೋ. ಕಾಯುತ್ತೇನೆ. ಇವತ್ತು ಮಾತ್ರ ನನ್ನಂಥ ಸುಖಿ ಈ ಊರಲ್ಲೇ ಇಲ್ಲ.

ಅವಳು ಈಗ ನಿದ್ದೆ ಮಾಡುತ್ತಿದ್ದಾಳೆ. ನೀನು ಬಂದ ಕೂಡಲೇ ‘ಹೇಳು, ಹೇಳು’ ಎಂದು ಪೀಡಿಸಬೇಡ.

ಮಾವ,
ಕಿಟ್ಟಣ್ಣ


ಶೋಳಿಂಗನಲ್ಲೂರ್
9 ಆಗಸ್ಟ್ 2025

ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರ.

ನೀವು ದಿನಾ ಬರುವಾಗ ಕಾಗದ ಏಕೆ ಎನ್ನುತ್ತೀರಿ. ಇದನ್ನು ನಿಮ್ಮ ಎದುರು ಹೇಳಿದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಪ್ರಣಮ್ಯಾ ನಿಮಗಿಂತ ಮೊದಲು ಹಾಕುತ್ತಾಳೆ. ಈಗೀಗ ಈ ಮನೆಯಲ್ಲಿ ನನಗೆ ಮಾತಾಡಲು ಸರದಿ ಸಿಗುವುದಿಲ್ಲ.

ಇವತ್ತು ಶನಿವಾರ, ನನಗೆ ರಜೆ. ಬೆಳಗ್ಗೆ ಅವಳೂ ನಾನೂ ಬಾಲ್ಕನಿ ತೊಳೆದೆವು. ತೊಳೆದೆವು ಎಂದರೆ ನಾನು ತೊಳೆದೆ, ಅವಳು ಬಕೆಟ್ಟಿನೊಳಗೆ ಕೂತಿದ್ದಳು. ಕಟ್ಟೆಯ ಮೇಲೆ ಕಾಗೆ ಬಂದು ಕೂತಿತು. “ಕಾಕಾ ಪೋ, ಸ್ನಾನ ಮಾಡು ಪೋ” ಎಂದು ತಮಿಳು ಕನ್ನಡ ಬೆರೆಸಿ ಅದಕ್ಕೆ ಉಪದೇಶ ಮಾಡಿದಳು. ಅದು ಹೋಗಲಿಲ್ಲ, ಇವಳೂ ಬಿಡಲಿಲ್ಲ. ನಾನು ಕಸಬರಿಕೆ ಬದಿಗಿಟ್ಟು ಒದ್ದೆ ನೆಲದ ಮೇಲೇ ಕೂತುಬಿಟ್ಟೆ. ಅವಳ ಕೂದಲಿನಿಂದ ನೀರು ಇಳಿಯುತ್ತಿತ್ತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆಗ ಫೋನ್ ಬಂತು. ಡಾಕ್ಟರಮ್ಮನ ಕಡೆಯವರು. “ಮೇಡಂ, ಪಾಪಾ ವರಲಿಯಾ?” ಎಂದರು. ಮಗು ಎಲ್ಲಿಗೆ ಬರಬೇಕಿತ್ತು ಎಂದು ನನಗೆ ಅರ್ಥವಾಗಲಿಲ್ಲ. ಆರು ತಿಂಗಳ ಪರೀಕ್ಷೆ ಇವತ್ತು ಹತ್ತಕ್ಕೆ ಇತ್ತು, ನಾವು ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದರು.

ನಾನು ಮರೆತಿದ್ದೆ, ಮಾವ. ಎರಡೂವರೆ ವರ್ಷ ಅವಳ ಒಂದೊಂದು ನಗುವಿಗೂ ತಿಂಗಳ ಲೆಕ್ಕ ಹಾಕಿದವಳು ಆ ದಿನವನ್ನೇ ಮರೆತುಬಿಟ್ಟೆ. ಕ್ಷಮೆ ಕೇಳಿ ಇಪ್ಪತ್ಮೂರಕ್ಕೆ ಹೊಸ ಸಮಯ ತೆಗೆದುಕೊಂಡೆ, ಖಂಡಿತ ಹೋಗೋಣ. ಫೋನ್ ಇಟ್ಟ ಮೇಲೆ ಕಾಗೆಯೂ ಹೋಗಿತ್ತು. ಆಗ ಇನ್ನೊಂದು ಹೊಳೆಯಿತು. ಎರಡು ವಾರ ಮುಂಚೆಯೇ ಶರ್ಟಿಗೆ ಇಸ್ತ್ರಿ ಹಾಕಿಸುವ ನೀವೂ ನಿನ್ನೆ ಇಲ್ಲಿಂದ ಹೊರಡುವಾಗ ಏನೂ ನೆನಪಿಸಲಿಲ್ಲ, ಬೆಳಗ್ಗೆ ಫೋನೂ ಮಾಡಲಿಲ್ಲ.

ಅಂದರೆ ನೀವೂ ಮರೆತಿದ್ದಿರಿ.

ನಿಮ್ಮ ಸೊಸೆ,
ಶ್ರೀವಿದ್ಯಾ